ಹಾಕದ ಚಿಲಕ

ಬಾಗಿಲುಗಳನ್ನು ಮುಚ್ಚಬೇಕೋ ತೆರೆದಿಡಬೇಕೋ ಎಂಬ ಗಂಭೀರ ಪ್ರಶ್ನೆ ಆ ಮನೆಯಲ್ಲಿ ಎದ್ದು ನಾಲ್ಕು ತಿಂಗಳಾಗಿತ್ತು. ಎರಡು ದೇಶಗಳ ಗಡಿ ವಿವಾದಗಳು ಇದಕ್ಕಿಂತ ಕಡಿಮೆ ಮಾತಿನಲ್ಲಿ ಮುಗಿದಿರುವುದುಂಟು. ಅಡುಗೆಮನೆಯ ಬಾಗಿಲು ತೆರೆದಿದ್ದರಿಂದ ಬೆಕ್ಕು ಎರಡು ಸಲ ಹಾಲು ಕುಡಿದಿತ್ತು. ಅಂಗಡಿಗೂ ನಡುಮನೆಗೂ ನಡುವಿನ ಬಾಗಿಲು ತೆರೆದಿದ್ದರಿಂದ, ಪ್ಯಾಂಟಿನ ಅಳತೆ ಕೊಡಲು ಬಂದ ಮೇಷ್ಟರೊಬ್ಬರು ಮನೆಯ ಯಜಮಾನಿ ತಲೆಗೆ ಬಣ್ಣ ಮೆತ್ತಿಕೊಂಡು ಕೂತಿದ್ದನ್ನು ಕಣ್ಣಾರೆ ಕಂಡಿದ್ದರು. ಬೆಕ್ಕನ್ನಾದರೂ ಕ್ಷಮಿಸಬಹುದಿತ್ತು.

ತೆರೆದಿಡುವವನು ಯಾರೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮನೆಯ ಮುಂಭಾಗದಲ್ಲಿ ಟೈಲರ್ ಅಂಗಡಿ. ಅದರ ಹಿಂದೆ ನಡುಮನೆ, ಅಜ್ಜಿಯ ಕೋಣೆ, ಅಡುಗೆಮನೆ. ತಾರಸಿಯ ಮೇಲೆ ಕೆಟ್ಟ ಹೊಲಿಗೆ ಯಂತ್ರವೂ ಚಿಂದಿಯ ಮೂಟೆಗಳೂ ತುಂಬಿದ್ದ ಒಂದು ಕೋಣೆ. ಆ ಕೋಣೆಯಲ್ಲಿ ಈಗ ಟೈಲರನ ತಮ್ಮ ಮಲಗುತ್ತಿದ್ದ. ಒಂಬತ್ತು ವರ್ಷ ಜೈಲಿನಲ್ಲಿದ್ದು ಬಂದವನು. ಶಿಕ್ಷೆಯಲ್ಲಿ ಇನ್ನೂ ಎರಡು ವರ್ಷ ಉಳಿದಿತ್ತು. ನಡತೆ ಒಳ್ಳೆಯದೆಂದು ಷರತ್ತಿನ ಮೇಲೆ ಬಿಟ್ಟಿದ್ದರು. ಷರತ್ತು ಇಷ್ಟೇ. ಪ್ರತಿ ತಿಂಗಳ ಕೊನೆಯ ದಿನ ಠಾಣೆಯ ಜಮಾದಾರ ಒಂದು ಕಾಗದ ತರುತ್ತಾನೆ. ಇವನು ನಮ್ಮ ಮನೆಯಲ್ಲೇ ಇದ್ದಾನೆ, ಇವನ ನಡತೆಗೆ ನಾವು ಹೊಣೆ ಎಂದು ಮನೆಯ ದೊಡ್ಡವರೊಬ್ಬರು ಅದಕ್ಕೆ ಸಹಿ ಹಾಕಬೇಕು. ಸಹಿ ಬಿದ್ದರೆ ಇನ್ನೊಂದು ತಿಂಗಳು ಮನೆ. ಬೀಳದಿದ್ದರೆ ಎರಡು ವರ್ಷ ಜೈಲು. ನಾಲ್ಕು ಕಾಗದಗಳಿಗೆ ಅಣ್ಣ ಓದದೆಯೇ ಸಹಿ ಹಾಕಿದ್ದ.

ಜೈಲಿಗೆ ಹೋಗುವ ಮೊದಲು ತಮ್ಮ ಬೀಗ ರಿಪೇರಿಯವನು. ಕೀಲಿ ಕಳೆದುಕೊಂಡವರೆಲ್ಲ ಅವನನ್ನು ಹುಡುಕಿಕೊಂಡು ಬರುತ್ತಿದ್ದರು; ಒಂದು ದಿನ ಕೀಲಿಯೇ ಇಲ್ಲದ ಇಬ್ಬರು ಬಂದರು. ಅವರಿಗಾಗಿ ಅವನು ಒಬ್ಬ ಕಬ್ಬಿಣದ ವ್ಯಾಪಾರಿಯ ಮನೆಯ ಬೀಗ ತೆಗೆದುಕೊಟ್ಟ. ಅವರಿಬ್ಬರು ಮುದುಕ ವ್ಯಾಪಾರಿಯ ಕೈಕಾಲು ಕಟ್ಟಿ, ಬಾಯಿಗೆ ಬಟ್ಟೆ ತುರುಕಿ, ಮಲಗುವ ಕೋಣೆಯ ನೆಲಕ್ಕೆ ಕೆಡವಿ ಅಲ್ಲಿಯ ಬೀರು ಜಾಲಾಡಿದರು. ಮುದುಕ ಉಸಿರುಗಟ್ಟಿ ಸತ್ತ. ತಮ್ಮ ಆ ಕೋಣೆಯ ಹೊರಗೆ ನಿಂತಿದ್ದ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು, ಒಳಗೆ ಹೋಗುವುದು ಅವನಿಂದ ಸಾಧ್ಯವೇ ಇರಲಿಲ್ಲ ಎಂದು ನ್ಯಾಯಾಲಯ ಒಪ್ಪಿಕೊಂಡಿತು. ಅಣ್ಣ ಅದನ್ನು ಒಂಬತ್ತು ವರ್ಷ, ಅಳತೆ ಕೊಡಲು ಬಂದವರಿಗೆಲ್ಲ, ಟೇಪನ್ನು ಅವರ ಸೊಂಟಕ್ಕೆ ಸುತ್ತಿ ಅಲ್ಲಾಡದಂತೆ ಹಿಡಿದುಕೊಂಡು ಹೇಳಿದ್ದ: ನನ್ನ ತಮ್ಮ ಬೀಗ ತೆಗೆದದ್ದು ತಪ್ಪು, ಆದರೆ ಆ ಕೋಣೆಗೆ ಅವನು ಕಾಲಿಟ್ಟಿಲ್ಲ, ಚಿಲಕ ಹಾಕಿತ್ತು.

ಇಂಥವನು ಈಗ ಮನೆಯಲ್ಲಿ ತಾನು ದಾಟಿದ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಮುಚ್ಚಿದ ಬಾಗಿಲಿದ್ದರೆ ಅದರ ಮುಂದೆ ನಿಂತುಬಿಡುತ್ತಿದ್ದ. ತಟ್ಟುತ್ತಿರಲಿಲ್ಲ, ಕೂಗುತ್ತಿರಲಿಲ್ಲ, ಯಾರಾದರೂ ತೆಗೆದಾಗ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ. ಹೀಗೆ ಬಾಗಿಲು ತೆಗೆದಾಗಲೆಲ್ಲ ಎದುರಿಗೊಬ್ಬ ಗಂಡಸು ಕಂಬದಂತೆ ನಿಂತಿರುವುದನ್ನು ನೋಡಿ ಅತ್ತಿಗೆಗೆ ಎರಡು ಸಲ ಕೈಯಲ್ಲಿದ್ದ ಪಾತ್ರೆ ಜಾರಿತ್ತು. ಕದ್ದು ಕೇಳುತ್ತಾನೆ ಎಂದು ಅವಳು ತೀರ್ಮಾನಿಸಿದಳು. ಕೇಳಿ ಏನು ಮಾಡುತ್ತಾನೆ, ನಮ್ಮ ಮನೆಯಲ್ಲಿ ಕೇಳುವಂಥದ್ದು ಏನಿದೆ ಎಂದು ಟೈಲರ್ ಕೇಳಿದ. ಅದು ತಿಳಿದಿದ್ದರೆ ನಾನು ನಿದ್ದೆ ಮಾಡುತ್ತಿದ್ದೆ ಎಂದಳು. ಬೀರುವಿನ ಕೀಲಿಯನ್ನು ಅಕ್ಕಿ ಡಬ್ಬಕ್ಕೆ ಹಾಕಿದಳು; ಬೀಗದವನಿಗೆ ಕೀಲಿ ಯಾಕೆ ಬೇಕು ಎಂದು ಹೊಳೆದು ಮತ್ತೆ ಹೊರಗೆ ತೆಗೆದಳು.

ಅಜ್ಜಿಯ ಕೋಣೆಯ ಹೊರಗೆ ಅವನು ಹೆಚ್ಚು ಹೊತ್ತು ನಿಲ್ಲುತ್ತಿದ್ದ.

"ಅತ್ತೆ, ನಿಮ್ಮ ಚಿಕ್ಕ ಮಗ ನಿಮ್ಮ ಬಾಗಿಲಿಗೆ ಕಿವಿ ಕೊಟ್ಟು ನಿಂತಿರ್ತಾನೆ, ಗೊತ್ತಾ?"

"ಗೊತ್ತು," ಅಂದಳು ಅಜ್ಜಿ. "ನನ್ನ ಉಸಿರು ಇದೆಯಾ ಹೋಯ್ತಾ ಅಂತ ಕೇಳ್ತಾನೆ. ನಾನೂ ಒಂದೊಂದು ಸಲ ಕೆಮ್ಮಿ ತೋರಿಸ್ತೀನಿ. ಆಮೇಲೆ ಹೋಗ್ತಾನೆ."

ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದ ಟೈಲರನ ಮಗಳು, ನಮ್ಮಲ್ಲೂ ಹೊರಗೆ ಕಾಯುವವರೆಲ್ಲ ಡಾಕ್ಟರ ಬಾಗಿಲಿಗೆ ಕಿವಿ ಕೊಟ್ಟೇ ಕೂತಿರುತ್ತಾರೆ, ಯಾರನ್ನೂ ಠಾಣೆಗೆ ಕಳಿಸಿಲ್ಲ ಎಂದಳು. ಅವಳಿಗೆ ಚಿಕ್ಕಪ್ಪನ ಮೇಲೆ ವಿಶೇಷ ಪ್ರೀತಿಯೇನೂ ಇರಲಿಲ್ಲ. ಅಮ್ಮನ ಮಾತಿಗೆ ಎದುರು ಹೇಳುವುದರಲ್ಲಿ ಇತ್ತು.

ಕೆಲಸದಲ್ಲಿ ಮಾತ್ರ ಅವನ ಬಗ್ಗೆ ಬೆರಳೆತ್ತುವಂತಿರಲಿಲ್ಲ. ಅಣ್ಣ ಹೊಲಿದ ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹಾಕುವುದು ಅವನ ಪಾಲು. ಬೀಗದ ಹೊಟ್ಟೆಯೊಳಗೆ ಕೈಯಾಡಿಸಿದ ಬೆರಳುಗಳು. ಕಾಜಾದ ಅಂಚು ಯಂತ್ರದ್ದಕ್ಕಿಂತ ಸಣ್ಣಗೆ ಕೂರುತ್ತಿತ್ತು. ಗಿರಾಕಿಗಳು ಹೊಗಳುತ್ತಿದ್ದರು. ಯಾರು ಮಾಡಿದ್ದೆಂದು ತಿಳಿದವರು ಹೊಗಳುವುದನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದರು.

ಐದನೆಯ ತಿಂಗಳ ಮೂರನೆಯ ವಾರ, ಒಂದು ಮಂಗಳವಾರ, ಬೀದಿಯ ತುದಿಯ ಗಡಿಯಾರದ ಅಂಗಡಿ ಕಳುವಾಯಿತು. ಅಂಗಡಿಯವನು ಒಂದೂವರೆಗೆ ಬೀಗ ಹಾಕಿ ಊಟಕ್ಕೆ ಹೋಗಿ, ಸಣ್ಣ ನಿದ್ದೆ ತೆಗೆದು, ಮೂರೂವರೆಗೆ ಬರುವವನು. ಅಂದು ಬಂದು ಬೀಗ ತೆಗೆದರೆ ಗಾಜಿನ ಪೆಟ್ಟಿಗೆ ಖಾಲಿ. ಬೀಗಕ್ಕೆ ಒಂದು ಗೀರು ಕೂಡ ಬಿದ್ದಿರಲಿಲ್ಲ. ಕದ್ದವನು ಹೋಗುವಾಗ ಮತ್ತೆ ಬೀಗ ಹಾಕಿ ಹೋಗಿದ್ದ. ಬೀದಿಯವರಿಗೆ ಗಡಿಯಾರ ಹೋದದ್ದಕ್ಕಿಂತ ಈ ಮರ್ಯಾದೆಯೇ ಹೆಚ್ಚು ಚುಚ್ಚಿತು. ಸಂಜೆಯ ಹೊತ್ತಿಗೆ ಮೂವರು ಬಂದು, ಅವಸರವೇನಿಲ್ಲ, ಆಮೇಲೆ ಹೊಲಿಸುತ್ತೇವೆ ಎಂದು ಬಟ್ಟೆ ವಾಪಸು ಒಯ್ದರು. ಎಂಟು ದಿನದಿಂದ ಅವಸರ ಮಾಡುತ್ತಿದ್ದವರೂ ಅವರೇ.

ಅತ್ತಿಗೆ ಅಂದಿನ ಮಧ್ಯಾಹ್ನವನ್ನು ಮನಸ್ಸಿನಲ್ಲೇ ಬಿಚ್ಚಿ ಮತ್ತೆ ಮಡಿಸಿದಳು. ಒಂದು ಗಂಟೆಗೆ ಬಟ್ಟೆ ಒಣಹಾಕಲು ತಾರಸಿಗೆ ಹೋಗಿದ್ದಳು. ಮೈದುನ ತನ್ನ ಕೋಣೆಯಲ್ಲಿ ಕಾಜಾ ಮಾಡುತ್ತಿದ್ದ. ಬೆಕ್ಕು ಅಲ್ಲೇ ಸುಳಿದಾಡುತ್ತಿದ್ದುದರಿಂದ ಕೋಣೆಯ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡಳು. ಚಿಲಕ ಹೊರಬದಿಗೇ ಇತ್ತು. ಆಮೇಲೆ ಎರಡು ಬೀದಿ ಆಚೆಗಿನ ತನ್ನ ಅಕ್ಕನ ಮನೆಗೆ ಹೋದಳು. ನಾಲ್ಕಕ್ಕೆ ಬಂದು ಬಟ್ಟೆ ತೆಗೆದು, ಕ್ಲಿಪ್ಪಿನ ಬುಟ್ಟಿ ಇಡಲು ಆ ಬಾಗಿಲು ತಳ್ಳಿದಾಗ ಅವನು ಮೂಟೆಯ ಮೇಲೆ ಕೂತಿದ್ದ. ಅಡುಗೆಮನೆಯಲ್ಲಿ ಮುಚ್ಚಿಟ್ಟ ಅವನ ಊಟ ಹಾಗೇ ಇತ್ತು. ಯಾಕೆ ಉಣ್ಣಲಿಲ್ಲ ಎಂದು ಕೇಳಿದ್ದಕ್ಕೆ ಹಸಿವಿರಲಿಲ್ಲ ಎಂದ. ಆಮೇಲೆ ಕೂತು ಇಬ್ಬರು ತಿನ್ನುವಷ್ಟು ತಿಂದ. ಹಸಿವಿಲ್ಲದ ಮನುಷ್ಯ ತಟ್ಟೆ ಒರೆಸಿ ತಿನ್ನುವುದನ್ನು ಅವಳು ಬಾಗಿಲಿಗೊರಗಿ ನೋಡಿದ್ದಳು. ತಾರಸಿಯಿಂದ ಹಿಂದಿನ ಗಲ್ಲಿಗೆ ಒಂದು ಮೆಟ್ಟಿಲಿತ್ತು; ಮನೆಯೊಳಗೆ ಕಾಲಿಡದೆ ಇಳಿದು ಹೋಗಿ ಬರಬಹುದಿತ್ತು.

ಮರುದಿನ ಅವನು ಸ್ನಾನಕ್ಕೆ ಹೋದಾಗ ಅವಳು ಮೇಲೆ ಹೋಗಿ ಚಿಂದಿ ಮೂಟೆಗಳನ್ನೆಲ್ಲ ಅದುಮಿ ನೋಡಿದಳು. ಅದುಮಿದರೆ ತಿಳಿಯುವುದಿಲ್ಲವೆಂದು ಒಂದೊಂದಕ್ಕೂ ಕಿವಿಯಿಟ್ಟಳು. ಮೂರನೆಯ ಮೂಟೆಗೆ ಕಿವಿಯಿಟ್ಟು ಉಸಿರು ಬಿಗಿಹಿಡಿದಿದ್ದಾಗ ಮಗಳು ಬಾಗಿಲಲ್ಲಿ ನಿಂತಿದ್ದಳು.

"ಅಮ್ಮ, ಈಗ ಕದ್ದು ಕೇಳ್ತಾ ಇರೋದು ಯಾರು?"

"ಇಲಿ ಇದೆಯೇನೋ ಅಂತ ನೋಡ್ತಿದೀನಿ. ಹೋಗು, ಕೆಲಸಕ್ಕೆ ಹೊತ್ತಾಗುತ್ತೆ."

"ಟಿಕ್ ಟಿಕ್ ಅನ್ನೋ ಇಲೀನಾ?"

ಜಮಾದಾರ ಬಂದದ್ದು ಗುರುವಾರ. ನಿವೃತ್ತಿಗೆ ಹತ್ತಿರವಾದ, ಮೆಟ್ಟಿಲು ಹತ್ತಲು ಮನಸ್ಸಿಲ್ಲದ ಮನುಷ್ಯ. ತಾರಸಿಯನ್ನು ಕೆಳಗಿನಿಂದಲೇ ಪರಿಶೀಲಿಸಿದ. ಗಡಿಯಾರ ಸಿಕ್ಕಿಲ್ಲ, ನೋಡಿದವರಿಲ್ಲ, ಆದ್ದರಿಂದ ಇವನನ್ನು ಹಿಡಿಯಲು ತನ್ನ ಹತ್ತಿರ ಆಧಾರವಿಲ್ಲ ಎಂದು ಚಹಾ ಕುಡಿಯುತ್ತ ಒಪ್ಪಿಕೊಂಡ. ಆಮೇಲೆ, ಮಂಗಳವಾರ ಕೋಣೆಯ ಬಾಗಿಲು ಎಳೆದುಕೊಂಡು ಹೋಗಿದ್ದೆನೆಂದು ಆಗಲೇ ಹೇಳಿದ್ದ ಅತ್ತಿಗೆಯ ಕಡೆ ತಿರುಗಿದ.

"ನೋಡಿಯಮ್ಮ, ಒಂದೇ ಒಂದು ವಿಷಯ ನೆನಪು ಮಾಡ್ಕೊಳ್ಳಿ. ನೀವು ಬಾಗಿಲು ಎಳ್ಕೊಂಡಾಗ ಚಿಲಕ ಹಾಕಿದ್ರೋ ಇಲ್ವೋ. ಹಾಕಿದ್ರೆ ಅವನು ಎಂಥ ಬೀಗದವನಾದ್ರೂ ಒಳಗಿಂದ ಬರೋಕಾಗಲ್ಲ. ಹಾಕಿಲ್ಲ ಅಂದ್ರೆ ನೀವು ಈ ಸಲ ಸಹಿ ಮಾಡೋದೇ ಬೇಡ. ನಾನು ಏನೂ ಸಾಬೀತು ಮಾಡಬೇಕಾಗಿಲ್ಲ, ಸುಮ್ಮನೆ ಕರ್ಕೊಂಡು ಹೋಗ್ತೀನಿ. ನಿಮಗೂ ನಿಶ್ಚಿಂತೆ, ನನಗೂ."

ನೆನಪು ಮಾಡಿಕೊಳ್ಳುತ್ತೇನೆ, ಕೊನೆಯ ದಿನ ಕಾಗದದ ಜೊತೆಗೇ ಹೇಳುತ್ತೇನೆ ಎಂದಳು. ನೆನಪು ಮಾಡಿಕೊಳ್ಳುವುದೇನೂ ಇರಲಿಲ್ಲ. ಚಿಲಕ ಹಾಕಿರಲಿಲ್ಲ. ಒಂದು ಕೈಯಲ್ಲಿ ಬಕೆಟ್ ಇತ್ತು, ಇನ್ನೊಂದರಲ್ಲಿ ಬಾಗಿಲು ಎಳೆದುಕೊಂಡಿದ್ದಳು, ಅಷ್ಟೇ.

ಆ ದಿನಗಳಲ್ಲಿ ಊಟದ ಹೊತ್ತು ಅಂದರೆ ಪಂಚಾಯತಿಯ ಹೊತ್ತು. ತಮ್ಮ ತನ್ನ ತಟ್ಟೆ ಎತ್ತಿಕೊಂಡು ಮೇಲೆ ಹೋಗುತ್ತಿದ್ದ. ಉಳಿದವರು ದನಿ ತಗ್ಗಿಸಿ ಜಗಳವಾಡುತ್ತಿದ್ದರು. ಟೈಲರ್ ತಟ್ಟೆಯಲ್ಲಿದ್ದ ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ, ನನ್ನ ತಮ್ಮ ಅಂಥವನಲ್ಲ ಎಂದ. ಮೊದಲ ಸಲವೂ ಇದೇ ಹೇಳಿದ್ದಿರಿ ಎಂದಳು ಹೆಂಡತಿ. ಮೊದಲ ಸಲವೂ ಅವನು ಒಳಗೆ ಹೋಗಿರಲಿಲ್ಲ, ಚಿಲಕ ಹಾಕಿತ್ತು ಎಂದ ಟೈಲರ್. ನಿಮ್ಮ ಮನೆತನಕ್ಕೆ ಚಿಲಕದ ಋಣ ದೊಡ್ಡದು ಎಂದಳು. ಅಜ್ಜಿಗೆ ಅರ್ಧ ಕೇಳಿಸಿ, ಯಾರಿಗೆ ಚಳಿ ಅಂದಳು. ಅವನಿಲ್ಲದಿದ್ದರೆ ಗುಂಡಿ ಹಾಕುವವರು ಯಾರು ಎಂಬ ಪ್ರಶ್ನೆಯನ್ನು ಮಗಳು ಎತ್ತಿದಳು. ಗಿರಾಕಿಗಳೇ ಬರದಿದ್ದರೆ ಗುಂಡಿ ಯಾತಕ್ಕೆ ಎಂದು ಅಮ್ಮ ಅದನ್ನು ಇಳಿಸಿದಳು. ಟೈಲರ್ ಸಿಪ್ಪೆ ಸುಲಿದ ಆಲೂಗಡ್ಡೆಯನ್ನು ತಿನ್ನದೆ ಎದ್ದ.

ಭಾನುವಾರ ಮಧ್ಯಾಹ್ನ ಅತ್ತಿಗೆ ಒಂದು ಕೆಲಸ ಮಾಡಿದಳು. ಮೇಲಿನ ಕೋಣೆಯಲ್ಲಿರುವ ಹಳೆಯ ಇಸ್ತ್ರಿ ಪೆಟ್ಟಿಗೆ ಬೇಕು, ತಂದುಕೊಡು ಎಂದು ಮೈದುನನನ್ನು ಕಳಿಸಿದಳು. ತಾನೂ ಹಿಂದೆಯೇ ಹತ್ತಿ, ಅವನು ಒಳಗೆ ಬಗ್ಗಿದ್ದಾಗ ಬಾಗಿಲು ಎಳೆದುಕೊಂಡಳು. ಚಿಲಕ ಮುಟ್ಟಲಿಲ್ಲ. ಕೆಳಗೆ ಬಂದು ಮೊಟ್ಟೆ ಬೇಯಲು ಇಟ್ಟಳು.

ಮೊಟ್ಟೆ ಬೆಂದಿತು. ಊಟಕ್ಕೆ ಕೂತರು. ಚಿಕ್ಕವನೆಲ್ಲಿ ಎಂದಳು ಅಜ್ಜಿ. ಬರುತ್ತಾನೆ ಎಂದಳು ಅತ್ತಿಗೆ. ಕರೆದು ಬರಲು ಎದ್ದ ಮಗಳನ್ನು ಕೂರಿಸಿದಳು. ಊಟ ಮುಗಿಯಿತು, ತಟ್ಟೆಗಳು ತೊಳೆದಾದವು, ಟೈಲರ್ ಒಂದು ನಿದ್ದೆ ಮುಗಿಸಿದ. ಅವಳು ಅಡುಗೆಮನೆಯ ಕಿಟಕಿಯಿಂದ ಹಿಂದಿನ ಮೆಟ್ಟಿಲನ್ನು ಕಾಯುತ್ತ ಒಂದೇ ಪಾತ್ರೆಯನ್ನು ಮೂರು ಸಲ ಒರೆಸಿದಳು. ಒಂದೂಮುಕ್ಕಾಲು ಗಂಟೆ ಕಳೆದ ಮೇಲೆ ಸದ್ದಾಗದಂತೆ ಮೇಲೆ ಹೋಗಿ ಬೆರಳಿನಿಂದ ಬಾಗಿಲು ತಳ್ಳಿದಳು.

ಅವನು ಬಾಗಿಲಿನಿಂದ ಒಂದು ಮೊಳ ದೂರದಲ್ಲಿ ನಿಂತಿದ್ದ. ಇಸ್ತ್ರಿ ಪೆಟ್ಟಿಗೆ ಕೈಯಲ್ಲೇ ಇತ್ತು. ಆ ಕಬ್ಬಿಣ ಹಿಡಿದು ಹಿಡಿದು ಬೆರಳು ಬಿಳಿಚಿದ್ದವು.

"ಕೆಳಗಿಡೋಕೇನಾಗಿತ್ತು?"

"ಈಗ ತೆಗೀತೀರಿ ಅಂದ್ಕೊಂಡೆ."

"ಚಿಲಕ ಹಾಕಿರಲಿಲ್ಲ."

"ಗೊತ್ತು ಅತ್ತಿಗೆ. ಸಂದಿಯಲ್ಲಿ ಕಾಣುತ್ತೆ. ನೇತಾಡ್ತಿತ್ತು."

"ಮತ್ತೆ ತೆಕ್ಕೊಂಡು ಬರೋಕೆ ಏನು ಧಾಡಿ?"

ಅವನು ಪೆಟ್ಟಿಗೆಯನ್ನು ಅವಳ ಕೈಗೆ ಕೊಡಲು ಹೋಗಿ, ಭಾರವೆಂದು ನೆಲಕ್ಕಿಟ್ಟ.

"ಒಂಬತ್ತು ವರ್ಷ ಬಾಗಿಲನ್ನ ನಾನು ಮುಟ್ಟಿಲ್ಲ. ಅವರೇ ತೆಗೀತಿದ್ರು, ಅವರೇ ಹಾಕ್ತಿದ್ರು. ಮೊದಮೊದಲು ಅದಕ್ಕೇ ಇರಬೇಕು ಅಂದ್ಕೊಂಡಿದ್ದೆ. ಅದಲ್ಲ. ಆ ಮುದುಕ ಒಳಗಿಂದ ಹಿಮ್ಮಡಿಯಲ್ಲಿ ನೆಲ ಕುಟ್ಟುತಾ ಇದ್ದ. ನಾನು ಹೊರಗೆ ನಿಂತು ಕೇಳ್ತಿದ್ದೆ. ಆಮೇಲೆ ಕುಟ್ಟೋದು ನಿಂತುಹೋಯ್ತು. ಈಗ ಯಾವ ಬಾಗಿಲ ಹತ್ತಿರ ಹೋದರೂ ಆಚೆ ಏನಾದರೂ ಸದ್ದು ಇದೆಯಾ ಅಂತ ಮೊದಲು ಕೇಳಬೇಕು ಅನಿಸುತ್ತೆ. ಸದ್ದು ಇಲ್ಲದಿದ್ರೆ ಕೈ ಏಳಲ್ಲ."

"ಮಂಗಳವಾರಾನೂ ಹೀಗೇ ನಿಂತಿದ್ದೆಯಾ?"

"ಅವತ್ತು ಕೂತಿದ್ದೆ. ಕಾಜಾ ಇತ್ತಲ್ಲ."

ಅವನು ಕದ್ದು ಕೇಳುತ್ತಾನೆಂಬುದು ನಿಜವೇ ಆಗಿತ್ತು. ಆ ಮಟ್ಟಿಗೆ ಅವಳಿಗೆ ಸಮಾಧಾನವಾಯಿತು. ಉಳಿದದ್ದನ್ನು ಅವಳು ನಂಬಿದಳೆಂದು ಹೇಳಲಾಗದು. ಮನುಷ್ಯ ಎರಡು ಗಂಟೆ ನಾಟಕವಾಡಬಲ್ಲ, ಅದರಲ್ಲೂ ಜೈಲಿನಲ್ಲಿ ಸಮಯ ಕಳೆಯುವುದನ್ನು ಕಲಿತವನು. ಆದರೆ ತಣ್ಣಗಾದ ಮೊಟ್ಟೆಯನ್ನು ಅವನು ಗಬಗಬ ತಿನ್ನುವುದನ್ನು ನೋಡುತ್ತ, ಮಂಗಳವಾರದ ತಟ್ಟೆಯನ್ನೂ ಅವನು ಹೀಗೇ ಒರೆಸಿದ್ದ ಎಂದು ಅವಳಿಗೆ ನೆನಪಾಯಿತು. ಅಂದು ರಾತ್ರಿಯ ಅಡುಗೆಗೆ ಉಪ್ಪು ಹಾಕುವುದನ್ನು ಮರೆತಳು. ಯಾರೂ ಕೇಳುವ ಧೈರ್ಯ ಮಾಡಲಿಲ್ಲ.

ತಿಂಗಳ ಕೊನೆಯ ದಿನ ಬೆಳಿಗ್ಗೆ ಹತ್ತಕ್ಕೆ ಜಮಾದಾರ ಬಂದ. ಅಂಗಡಿಯ ಕತ್ತರಿಸುವ ಮೇಜಿನ ಮೇಲಿದ್ದ ಬಟ್ಟೆ ಸರಿಸಿ ಎರಡು ಕಾಗದ ಹರಡಿದ: ಒಂದು ಹೇಳಿಕೆಯದು, ಒಂದು ಸಹಿಯದು. ಅಜ್ಜಿಗೂ ಒಂದು ಕುರ್ಚಿ ಹಾಕಿದರು. ಮಗಳು ಡಾಕ್ಟರಿಗೆ ಹಲ್ಲುನೋವೆಂದು ಹೇಳಿ ರಜೆ ಪಡೆದಿದ್ದಳು. ತಮ್ಮ ಗೋಡೆಗೆ ಒತ್ತಿಕೊಂಡು ನಿಂತಿದ್ದ. ಹಿಂದಿನ ದಿನವೇ ತನ್ನ ಎರಡು ಅಂಗಿ ಮಡಿಸಿ ಚೀಲಕ್ಕೆ ಹಾಕಿಟ್ಟಿದ್ದ. ಆ ಚೀಲ ಅವನ ಕಾಲ ಬಳಿ ಇತ್ತು.

"ಹೇಳಿಯಮ್ಮ. ಚಿಲಕ?"

"ಹಾಕಿದ್ದೆ," ಎಂದಳು ಅತ್ತಿಗೆ.

ಟೈಲರ್ ಉಸಿರು ಬಿಟ್ಟದ್ದು ಹೊಲಿಗೆ ಯಂತ್ರದಾಚೆಗೂ ಕೇಳಿಸಿತು. ಮಗಳು ಅಮ್ಮನನ್ನು ಮೊದಲ ಸಲ ನೋಡುವವಳಂತೆ ನೋಡಿದಳು.

"ಖಂಡಿತ?"

"ಬೆಕ್ಕಿನ ಕಾಟ. ಹಾಕದೆ ಹೇಗೆ ಬಿಡಲಿ? ನಾಲ್ಕು ಗಂಟೆಗೆ ನಾನೇ ತೆಗೆದದ್ದು."

ಜಮಾದಾರ ನಿಧಾನವಾಗಿ ಬರೆದುಕೊಂಡ. ಹಗುರವಾಗಬೇಕಿದ್ದ ಕೆಲಸ ಭಾರವಾಗುತ್ತಿರುವುದು ಅವನ ಮುಖದಲ್ಲಿ ಕಾಣುತ್ತಿತ್ತು. ಬರೆದು ಮುಗಿಸಿ, ವಾಡಿಕೆಗೆಂದು ಗೋಡೆಯ ಕಡೆ ತಿರುಗಿ ಕೇಳಿದ: "ಏನಪ್ಪ, ಹಾಗೇನಾ?"

ತಲೆಯಾಡಿಸಿದ್ದರೆ ಸಾಕಿತ್ತು.

"ಇಲ್ಲ. ಹಾಕಿರಲಿಲ್ಲ," ಎಂದ ತಮ್ಮ.

ಲೇಖನಿ ನಿಂತಿತು. ನೀನು ಸುಮ್ಮನಿರು ಎಂದು ಅತ್ತಿಗೆ ಹಲ್ಲು ಕಚ್ಚಿ ಹೇಳಿದಳು.

"ಅತ್ತಿಗೆ ನನಗೋಸ್ಕರ ಹೇಳ್ತಿದಾರೆ. ಚಿಲಕ ನೇತಾಡ್ತಿತ್ತು, ನಾನು ನೋಡಿದೀನಿ. ಹೊರಗೆ ಬರಬಹುದಿತ್ತು. ಬರಲಿಲ್ಲ."

"ಯಾಕಪ್ಪ ಹೀಗೆ ಮಾಡ್ಕೋತೀಯ?" ಜಮಾದಾರನ ದನಿಯಲ್ಲಿ ನಿಜವಾದ ಕುತೂಹಲವಿತ್ತು. "ಮೂವತ್ತು ವರ್ಷದಲ್ಲಿ ತನ್ನ ಸಾಕ್ಷಿಯನ್ನ ತಾನೇ ಕೆಡಿಸಿಕೊಂಡವನನ್ನ ನಾನು ನೋಡಿಲ್ಲ."

"ಒಂದು ಸಲ ಚಿಲಕ ಹಾಕಿತ್ತು ಅಂತ ಹೇಳಿ ಬಚಾವಾಗಿದೀನಿ. ಕೋರ್ಟಲ್ಲಿ. ಆ ಮುದುಕನ ಕೋಣೆ ಬಾಗಿಲಿಗೆ ಒಳಗಿಂದ ಚಿಲಕ ಹಾಕಿರಲಿಲ್ಲ. ಸುಮ್ಮನೆ ಮುಚ್ಚಿತ್ತು. ತಳ್ಳಿದ್ರೆ ತೆರೀತಿತ್ತು. ಇನ್ನೊಂದು ಸಲ ಅದೇ ಮಾತು ಹೇಳೋಕೆ ನನ್ನಿಂದ ಆಗಲ್ಲ."

ಜಮಾದಾರ ಇದನ್ನು ಬರೆದುಕೊಳ್ಳಬೇಕೋ ಬೇಡವೋ ಎಂದು ಯೋಚಿಸಿದ. ಬರೆಯಬೇಕೆಂದರೆ ಇನ್ನೊಂದು ಠಾಣೆಯ ಹಳೆಯ ಕಡತ ತರಿಸಬೇಕಿತ್ತು. ಲೇಖನಿಯ ಮುಚ್ಚಳ ಹಾಕಿದ.

ಅಂಗಡಿಯಲ್ಲಿ ಯಾರೂ ಟೈಲರನ ಕಡೆ ನೋಡುತ್ತಿರಲಿಲ್ಲ. ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನು ಅವನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ.

"ನೀನು ನನಗೂ ಅದನ್ನೇ ಹೇಳಿದ್ದೆ," ಎಂದು ತಮ್ಮನಿಗೆ ಹೇಳಿದ. "ಜೈಲಿನ ಜಾಲರಿ ಆಚೆಯಿಂದ. ಪ್ರತಿ ಸಲ."

"ಹೂಂ."

"ಊರಿಗೆಲ್ಲ ಹೇಳ್ಕೊಂಡು ಬಂದೆ ನಾನು. ಅಮ್ಮನಿಗೆ ಹೇಳಿದೆ. ಆ ಮುದುಕನ ಮಗಳು ಇಲ್ಲಿಗೆ ಬಂದು ಬೈದು ಹೋದಳಲ್ಲ, ಅವಳ ಮುಖಕ್ಕೇ ಹೇಳಿದೆ, ಚಿಲಕ ಹಾಕಿತ್ತಮ್ಮ ಅಂತ."

"ಹೂಂ, ಅಣ್ಣ."

ಜಮಾದಾರ ಎರಡನೆಯ ಕಾಗದವನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದ. ಗಡಿಯಾರದ ವಿಷಯದಲ್ಲಿ ತನಗೆ ಮೊದಲೆಷ್ಟು ಗೊತ್ತಿತ್ತೋ ಈಗಲೂ ಅಷ್ಟೇ ಗೊತ್ತು, ಸಹಿ ಬಿದ್ದರೆ ಇರುತ್ತಾನೆ, ಇಲ್ಲದಿದ್ದರೆ ಚೀಲ ಹೇಗೂ ಸಿದ್ಧವಾಗಿದೆ ಎಂದ. ಟೈಲರ್ ಲೇಖನಿ ಹಿಡಿದ. ಈ ಸಲ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದಿದ. 'ಇವನ ನಡತೆಗೆ ನಾವು ಹೊಣೆ' ಎಂಬಲ್ಲಿ ಅವನ ಬೆರಳು ನಿಂತಿತು. ಲೇಖನಿಯನ್ನು ಕೆಳಗಿಟ್ಟು, ನನ್ನಿಂದಾಗದು ಎಂದ.

ತಮ್ಮ ಬಗ್ಗಿ ಚೀಲ ಎತ್ತಿಕೊಂಡ. ಅಜ್ಜಿ, ಎಲ್ಲಿಗೆ ಹೊರಟ ಎಂದು ಕೇಳಿದಳು. ಚೀಲ ಕಂಡು ಅವಳಿಗೆ ಕೇಳದೆಯೇ ತಿಳಿಯಿತು; ಅವನ ಅಂಗಿಯ ತುದಿ ಹಿಡಿದುಕೊಂಡಳು.

"ನಾನು ಹಾಕಬಹುದಾ?" ಎಂದಳು ಅತ್ತಿಗೆ.

ಮನೆಯ ದೊಡ್ಡವರು ಯಾರು ಹಾಕಿದರೂ ನಡೆಯುತ್ತದೆ ಎಂದ ಜಮಾದಾರ. ಐದು ನಿಮಿಷದ ಕೆಳಗೆ ತನ್ನೆದುರಿಗೇ ಸುಳ್ಳು ಹೇಳಿದವರ ಸಹಿಯ ಬೆಲೆಯೆಷ್ಟು ಎಂಬುದನ್ನು ಮಾತ್ರ ಕಾನೂನು ಹೇಳಿಲ್ಲ ಎಂದೂ ಸೇರಿಸಿದ.

"ಏನು ಮಾಡ್ತಿದೀಯ ನೀನು?" ಟೈಲರ್ ಕೇಳಿದ. "ಐದು ತಿಂಗಳಿಂದ ಅವನನ್ನ ಕಳಿಸಿ ಕಳಿಸಿ ಅಂತ ನನ್ನ ತಲೆ ತಿಂದವಳು ನೀನೇ ಅಲ್ವಾ?"

"ಹೌದು ರೀ. ಈಗಲೂ ಅವನ ಮೇಲೆ ನನಗೆ ಅನುಮಾನಾನೇ. ಆದರೆ ನಿಮಗೆ ಬೇಕಾಗಿದ್ದು ಒಳ್ಳೆ ತಮ್ಮ. ನನಗೆ ಅಂಥ ಆಸೆ ಯಾವತ್ತೂ ಇರಲಿಲ್ಲ." ಅವಳು ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡಳು. "ಹುಟ್ಟಿದಾಗಿನಿಂದ ಪೊಲೀಸಿನವರ ಮುಂದೆ ಒಂದು ಸುಳ್ಳು ಹೇಳಿದೆ, ಅದನ್ನೂ ಇವನು ನಿಲ್ಲಗೊಡಲಿಲ್ಲ. ಗಡಿಯಾರ ಕದ್ದವನು ಹಾಗೆ ಮಾಡ್ತಾನಾ ಇಲ್ವಾ, ನೀವೇ ಕೂತು ಯೋಚನೆ ಮಾಡಿ. ನನಗೆ ಒಲೆ ಮೇಲೆ ಹಾಲಿದೆ."

ಗುಂಡಗಿನ ಅಕ್ಷರದಲ್ಲಿ, ಶಾಲೆಯಲ್ಲಿ ಕಲಿಸಿದಂತೆ, ಅವಳು ಸಹಿ ಮಾಡಿದಳು. ಜಮಾದಾರ ಕಾಗದ ಮಡಿಸಿಕೊಂಡು ಹೋದ.

ಗಡಿಯಾರಗಳು ಸಿಗಲಿಲ್ಲ. ಟೈಲರ್ ತಮ್ಮನೊಡನೆ ಮಾತು ಬಿಟ್ಟ. ಗುಂಡಿ ಹಾಕಬೇಕಾದ ಅಂಗಿಗಳನ್ನು ಮಗಳ ಕೈಯಲ್ಲಿ ಮೇಲೆ ಕಳಿಸುತ್ತಿದ್ದ. ಉಳಿದ ತಿಂಗಳುಗಳ ಕಾಗದಗಳಿಗೆಲ್ಲ ಅತ್ತಿಗೆಯೇ ಸಹಿ ಹಾಕಿದಳು, ತಮ್ಮ ಆ ಮನೆಯಲ್ಲೇ ಉಳಿದ.